ನೋಯದ ಕಾಲು

ಫೆಬ್ರವರಿ 5, ಬುಧವಾರ. ಗುಳೇದಗುಡ್ಡ

ಈ ವಹಿ ಕೊಟ್ಟವಳು ಆರೋಗ್ಯ ಕೇಂದ್ರದ ನರ್ಸು ಅಲ್ಮಾಸ. ದಿನಾ ಏನು ತಿಂದೆ, ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿದೆನೋ ಇಲ್ಲವೋ, ಸಂಜೆ ಕನ್ನಡಿ ಹಿಡಿದು ಅಂಗಾಲು ನೋಡಿಕೊಂಡೆನೋ ಇಲ್ಲವೋ, ಎಲ್ಲ ಬರೆದು ತಿಂಗಳಿಗೊಮ್ಮೆ ತೋರಿಸಬೇಕಂತೆ. ಮುಂದಿನ ಪುಟಗಳನ್ನು ಅವಳಿಗೆ ಬಿಟ್ಟಿದ್ದೇನೆ. ವಹಿ ತಿರುವಿ ಹಿಂದಿನಿಂದ ಬರೆಯುತ್ತಿರುವುದು ನನಗಾಗಿ. ಇದನ್ನು ಯಾರಿಗೂ ತೋರಿಸುವುದಿಲ್ಲ.

ಮೂವತ್ತೆಂಟು ವರ್ಷ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕುಪ್ಪಸದ ಖಣ ನೇಯ್ದವನು ನಾನು. ಎಳೆಯ ವಿಷಯ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಕಳೆದ ವಾರ ಆ ಹುಡುಗಿ ನನ್ನನ್ನು ಸ್ಟೂಲಿನ ಮೇಲೆ ಕೂಡಿಸಿ, ಕಣ್ಣು ಮುಚ್ಚಿಸಿ, ಒಂದು ನೈಲಾನ್ ಎಳೆಯನ್ನು ನನ್ನ ಅಂಗಾಲಿಗೆ ಒತ್ತಿ ಪರೀಕ್ಷೆ ಮಾಡಿದಳು. ಎಳೆ ತಾಗಿದಾಗೆಲ್ಲ ನಾನು ಹ್ಞೂಂ ಅನ್ನಬೇಕು. ಹತ್ತು ಕಡೆ ಒತ್ತಿದಳಂತೆ. ನಾನು ಹ್ಞೂಂ ಅಂದದ್ದು ಎರಡು ಸಲ, ಅದರಲ್ಲಿ ಒಂದು ಸುಮ್ಮನೆ ಅಂದಾಜಿನ ಮೇಲೆ ಅಂದದ್ದು.

"ಕಾಕಾ, ನಿಮ್ಮ ಕಾಲಿನ ನರ ಸತ್ತಾವ್ರಿ" ಅಂದಳು. "ಮುಳ್ಳು ಹೊಕ್ಕರೂ ನಿಮಗ ಗೊತ್ತಾಗಂಗಿಲ್ಲ. ಮನ್ಯಾಗೂ ಚಪ್ಪಲಿ ಇಲ್ದ ಅಡ್ಡಾಡಬ್ಯಾಡ್ರಿ. ಇನ್ನೊಂದು ಗಾಯ ಆತಂದ್ರ ಈ ಸಲ ಬೆರಳಿಗೆ ಮುಗಿಯೂದಿಲ್ಲ, ಕಾಲ ಹೋಗ್ತೈತಿ."

ಹ್ಞೂಂ ಅಂದೆ.

ಇವತ್ತು ಅಕ್ಕ ಮರೆವ್ವ ಬೆಳಿಗ್ಗೆಯಿಂದ ಬುತ್ತಿಗೆ ಕಟಕ ರೊಟ್ಟಿ ಬಡಿಯುತ್ತಿದ್ದಾಳೆ. ನಾಳೆ ನಾವಿಬ್ಬರೂ ನಡೆಯಲು ಹೊರಡುವವರು. ಪಟ್ಟದಕಲ್ಲಿನಿಂದ ಮಲಪ್ರಭೆಯ ದಂಡೆ ಹಿಡಿದು ಕೂಡಲಸಂಗಮದವರೆಗೆ, ಹುಣ್ಣಿಮೆಯ ದಿನ ಮುಟ್ಟುವಂತೆ, ಬರಿಗಾಲಲ್ಲಿ.

ಹರಕೆ ಅಕ್ಕನದು. ದೀಪಾವಳಿಯ ಹೊತ್ತಿಗೆ ಎಡಗಾಲಿನ ಹೆಬ್ಬೆರಳ ಗಾಯ ಮಾಯದೆ ಬಾಗಲಕೋಟೆಯ ದವಾಖಾನೆಯಲ್ಲಿ ಹದಿನೆಂಟು ದಿನ ಬಿದ್ದಿದ್ದೆ. ಬೆರಳು ತೆಗೆಯಬೇಕಾದೀತು ಅಂದಿದ್ದರು. ಅಕ್ಕ ನನ್ನ ಮಂಚದ ಪಕ್ಕ ನೆಲದ ಮೇಲೆ ಮಲಗಿಕೊಂಡೇ ಸಂಗಮನಾಥನಿಗೆ ಹೇಳಿಕೊಂಡಳು: ತಮ್ಮನ ಕಾಲು ಉಳಿಸು, ಅವನನ್ನು ಬರಿಗಾಲಲ್ಲಿ ನಿನ್ನ ಹತ್ತಿರ ನಡೆಸಿಕೊಂಡು ಬರುತ್ತೇನೆ. ಬೆರಳು ಉಳಿಯಿತು. ಕಾಲು ಉಳಿಸಿದವನಿಗೆ ಕಾಲು ಸವೆಸಿ ಉಪಕಾರ ತೀರಿಸುವ ಲೆಕ್ಕ ನಮ್ಮಕ್ಕನಿಗಷ್ಟೇ ಹೊಳೆಯಬೇಕು.

"ಯಕ್ಕಾ, ಒಂದು ಟೆಂಗಿನಕಾಯಿ ಒಡಿತೇನಿ ಅಂತ ಬೇಡ್ಕೋಬೇಕಿತ್ತಲ್ಲ" ಅಂದೆ.

"ಕಾಲು ಕೇಳಿ ಕಾಯಿ ಕೊಟ್ರ ದೇವರು ಒಪ್ಪತಾನೇನು?"

"ಚಪ್ಪಲಿ ಮೆಟ್ಟಿ ನಡದ್ರ?"

"ಬಂದ ಕಾಲು ಹೊಳ್ಳಿ ಹೋಗ್ತೈತಿ" ಅಂದಳು, ರೊಟ್ಟಿ ತಿರುವಿ ಹಾಕುತ್ತಾ.

ನನಗೆ ದೇವರ ಮೇಲೆ ಸಿಟ್ಟೂ ಇಲ್ಲ, ಸಲಿಗೆಯೂ ಇಲ್ಲ. ಆದರೆ ಅವ್ವ ಸತ್ತಾಗ ನನಗೆ ಮೂರು ವರ್ಷ, ಅಕ್ಕನಿಗೆ ಹನ್ನೆರಡು. ಅವತ್ತಿನಿಂದ ನನ್ನನ್ನು ಸಾಕಿದವಳು ಅವಳು. ಮದುವೆಯಾಗಿ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದಳು. ನನ್ನ ಹೆಂಡತಿ ತೀರಿದ ಮೇಲೆ ಮತ್ತೆ ನಾವಿಬ್ಬರೇ. ಇಷ್ಟು ವರ್ಷದಲ್ಲಿ ನನ್ನಿಂದ ಏನೂ ಕೇಳದವಳು ಏಳು ದಿನ ನಡೆ ಅನ್ನುತ್ತಾಳೆ. ಅಲ್ಮಾಸಳಿಗೆ ಇಳಕಲ್ಲಿನಲ್ಲಿ ನೆಂಟರ ಮದುವೆ ಇದೆ ಅಂತ ಹೇಳಿದ್ದೇನೆ.

ಗುಳಿಗೆ: ನುಂಗಿದೆ. ಪಾದ: ನೋಡಿದೆ, ಚೆನ್ನಾಗಿವೆ.

ಫೆಬ್ರವರಿ 6, ಗುರುವಾರ. ಪಟ್ಟದಕಲ್ಲು ದಾಟಿ, ಒಂದು ಹೊಲದ ಮನೆ

ಬಸ್ಸಿಳಿದಾಗ ಒಂಬತ್ತು ಗಂಟೆ. ಗುಡಿ ನೋಡಲು ಬಂದ ಶಾಲೆಯ ಮಕ್ಕಳು ನಮ್ಮ ಬರಿಗಾಲು ನೋಡಿ ತಮ್ಮತಮ್ಮಲ್ಲೇ ನಕ್ಕರು. ನಾನೂ ನಕ್ಕೆ. ಅಕ್ಕ ನಗಲಿಲ್ಲ. ಗುಡಿಯ ಹಿಂದೆ ಹೊಳೆಗೆ ಇಳಿದು ಬೊಗಸೆಯಲ್ಲಿ ನೀರು ತೆಗೆದು ನನ್ನ ಕಾಲಿಗೆ ಹಾಕಿದಳು, ತನ್ನ ಕಾಲಿಗೂ ಹಾಕಿಕೊಂಡಳು. "ಇನ್ನ ಹಿಂದ ನೋಡಬ್ಯಾಡ" ಅಂದಳು.

ಹರಕೆಗೆ ಕಟ್ಟಳೆಗಳಿವೆ. ದಂಡೆ ಬಿಟ್ಟು ಡಾಂಬರು ರಸ್ತೆಗೆ ಹತ್ತಬಾರದು. ಗಾಡಿ ಏರಬಾರದು. ಹೊಲದವರು ಕರೆದು ಕೊಟ್ಟದ್ದನ್ನು ಬೇಡ ಅನ್ನಬಾರದು. ದಾರಿಯಲ್ಲಿ ಯಾರಾದರೂ ಕಾಲಿಗೆ ನೀರು ಹಾಕಲು ಬಂದರೆ ನಿಂತು ಹಾಕಿಸಿಕೊಳ್ಳಬೇಕು. ನಮ್ಮಪ್ಪನೂ ಒಮ್ಮೆ ಹೀಗೆ ನಡೆದಿದ್ದನಂತೆ, ಯಾತಕ್ಕೆ ಅಂತ ಅಕ್ಕನಿಗೂ ಗೊತ್ತಿಲ್ಲ.

ಹೊಳೆಯಲ್ಲಿ ನೀರು ಕಡಿಮೆ. ಅಲ್ಲಲ್ಲಿ ಮಡುಗಟ್ಟಿ ಪಾಚಿ ಹಿಡಿದಿದೆ. ದಂಡೆಯ ಉದ್ದಕ್ಕೂ ಪಂಪಿನ ಪೈಪುಗಳು. ಮೊದಲು ಕಡಲೆ ಹೊಲ, ಆಮೇಲೆ ಜೋಳ ಕೊಯ್ದ ಹೊಲ. ಕೂಳೆ ಚೂಪಾಗಿ ನಿಂತಿದೆ. ಅಕ್ಕ ಹೆಜ್ಜೆಗೊಮ್ಮೆ "ಯವ್ವಾ" ಅನ್ನುತ್ತಾಳೆ. ಕೂಳೆ ಗೀರಿದ ಕಾಲಿಗೆ ಕಡಲೆ ಗಿಡದ ಹುಳಿ ತಾಗಿದರಂತೂ ಕಣ್ಣಲ್ಲಿ ನೀರು. ನಾನು ಮುಂದೆ ಮುಂದೆ ನಡೆಯುತ್ತಿದ್ದೆ.

"ನಿನಗೇನೂ ಆಗವಲ್ದೇನೋ?" ಅಂದಳು.

"ಇಲ್ಲ. ಹರಕಿ ಹೊತ್ತಾಕಿ ನೀ, ನೋವೂ ನಿನಗ" ಅಂದೆ.

ಸಂಜೆ ಅವಳೇ ಕನ್ನಡಿ ಹಿಡಿದಳು. ನಾಲ್ಕಾರು ಗೀರು, ಅಷ್ಟೇ. ಅವಳ ಅಂಗಾಲು ನೋಡಲಾಗುತ್ತಿರಲಿಲ್ಲ. ಅರಿಶಿನ ಎಣ್ಣೆ ಹಚ್ಚಿದೆ.

ಗುಳಿಗೆ: ನುಂಗಿದೆ. ಪಾದ: ಚೆನ್ನಾಗಿವೆ.

ಫೆಬ್ರವರಿ 7, ಶುಕ್ರವಾರ. ಐಹೊಳೆಯ ಹತ್ತಿರ

ಬಿಸಿಲು ಜೋರು. ಗಾಣದ ಮನೆಯವರು ಕರೆದು ಕಬ್ಬಿನ ಹಾಲು ಕೊಟ್ಟರು, ಬಿಸಿ ಬೆಲ್ಲ ಕೊಟ್ಟರು. ಬೇಡ ಅನ್ನುವ ಹಾಗಿಲ್ಲ. ನಿಜ ಹೇಳಬೇಕೆಂದರೆ ಅನ್ನುವ ಮನಸ್ಸೂ ಇರಲಿಲ್ಲ. ಆರು ವರ್ಷದ ಮೇಲೆ ಬೆಲ್ಲ ತಿಂದೆ. ಆಮೇಲೆ ಬಾಯಾರಿಕೆ ತಡೆಯಲಾಗಲಿಲ್ಲ, ಎರಡು ತಂಬಿಗೆ ನೀರು ಕುಡಿದೆ.

ಬೇಲಿ ದಾಟುವಾಗ ಅಕ್ಕನ ಕಾಲಿಗೆ ಜಾಲಿ ಮುಳ್ಳು ಹೊಕ್ಕಿತು. ಕೂತು ಪಿನ್ನಿನಿಂದ ತೆಗೆದೆ, ಅವಳು ನನ್ನ ಭುಜ ಕಚ್ಚಿಕೊಂಡು ಕೂತಿದ್ದಳು. ಅದೇ ಬೇಲಿಯನ್ನು ನಾನೂ ದಾಟಿದ್ದೆ. ನನಗೆ ಒಂದೂ ಹೊಕ್ಕಿಲ್ಲ. ಅಕ್ಕ ನನ್ನನ್ನೇ ನೋಡುತ್ತಾ, "ಅಂವ ನಿನ್ನ ಕಾಲು ತನ್ನ ಕೈಮ್ಯಾಗ ಹೊತ್ತಾನೋ ತಮ್ಮಾ" ಅಂದಳು. ನಕ್ಕೆ, ಆದರೆ ಮೊದಲಿನಷ್ಟು ಜೋರಾಗಿ ಅಲ್ಲ.

ಮಧ್ಯಾಹ್ನದಿಂದ ಒಂದು ಕೆಂಚು ನಾಯಿ ಬೆನ್ನು ಹತ್ತಿದೆ. ನಾನು ಕಾಲಿಟ್ಟಲ್ಲೆಲ್ಲ ಮೂಸುತ್ತದೆ, ನೆಲ ನೆಕ್ಕುತ್ತದೆ. ಅಕ್ಕ ಕಲ್ಲು ತೂರಿದರೂ ಹೋಗಲಿಲ್ಲ. ಬೆಲ್ಲದ ಗಾಣದಲ್ಲಿ ಕಾಲಿಗೆ ಸಿಹಿ ಮೆತ್ತಿರಬೇಕು.

ಗುಳಿಗೆ: ನುಂಗಿದೆ. ಪಾದ: ಬೆಳಕು ಸಾಲದು, ಸರಿಯಾಗಿ ಕಾಣಲಿಲ್ಲ.

ಫೆಬ್ರವರಿ 9, ಭಾನುವಾರ. ಕಮತಗಿಯ ಈಚೆ, ರಾಚಪ್ಪನ ಹೊಲ

ಇವತ್ತು ನಡೆದದ್ದನ್ನು ಸಾವಕಾಶ ಬರೆಯಬೇಕು.

ಹತ್ತು ಗಂಟೆಯ ಸುಮಾರಿಗೆ ದಂಡೆ ಕುಸಿದ ಜಾಗಕ್ಕೆ ಬಂದೆವು. ಒಂದು ಕಡೆ ಆಳದ ಮಡು, ಇನ್ನೊಂದು ಕಡೆ ಕಬ್ಬು ಕಡಿದ ಹೊಲ. ಹಿಂದಿನ ದಿನ ರವದಿಗೆ, ಉಳಿದ ಒಣ ಗರಿಗೆ, ಬೆಂಕಿ ಕೊಟ್ಟಿದ್ದಾರೆ. ಹೊಲವೆಲ್ಲ ಬೂದಿ. ದೂರದಿಂದ ಹೊಲದ ಒಡೆಯ ರಾಚಪ್ಪ ಕೈ ಬೀಸಿ ಕೂಗಿದ: "ಏ ಹಿರ್ಯಾರ, ಅತ್ತಾಗ ಬರಬ್ಯಾಡ್ರಿ! ಮ್ಯಾಲಷ್ಟ ತಣ್ಣಗೈತಿ, ಕೆಳಗ ಕೆಂಡ ಐತಿ! ರಸ್ತೆಗೆ ಹತ್ತಿ ಸುತ್ತ ಹಾಕಿ ಬರ್ರಿ!"

ರಸ್ತೆಗೆ ಹತ್ತಿದರೆ ದಂಡೆ ಬಿಟ್ಟ ಹಾಗೆ. ಅಕ್ಕ ನನ್ನ ಟವೆಲಿನ ಚುಂಗು ಹಿಡಿದು, "ಇಷ್ಟಕ್ಕ ಏನಾಗಂಗಿಲ್ಲ, ತಪ್ಪು ಕಾಣಿಕಿ ಹಾಕೂಣು, ಸುತ್ತಿ ಹೋಗೂಣು" ಅಂದಳು. ಯಾಕೋ ಗೊತ್ತಿಲ್ಲ, ಟವೆಲು ಅವಳ ಕೈಯಲ್ಲೇ ಬಿಟ್ಟು ನಾನು ಬೂದಿಯೊಳಗೆ ಇಳಿದೆ.

ನಲವತ್ತು ಹೆಜ್ಜೆ ಇರಬಹುದು. ಕಾಲಿಟ್ಟಲ್ಲೆಲ್ಲ ಸಣ್ಣಗೆ ಹೊಗೆ ಏಳುತ್ತಿತ್ತು. ಮೆತ್ತನೆಯ ಅರಳೆಯ ಮೇಲೆ ನಡೆದ ಹಾಗಿತ್ತು. ಆಚೆ ಬದುವಿನ ಮೇಲೆ ನಿಂತು ಹಿಂತಿರುಗಿ ನೋಡಿದರೆ ಕಬ್ಬು ಕಡಿಯುವ ಹೆಂಗಸರೆಲ್ಲ ಕುಡುಗೋಲು ಕೆಳಗಿಟ್ಟು ಎದ್ದು ನಿಂತಿದ್ದರು.

ರಾಚಪ್ಪ ಓಡಿ ಬಂದ. "ಉರೀಲಿಲ್ಲೇನ್ರಿ?"

"ಇಲ್ಲ."

"ಒಂದೀಟೂ?"

"ಇಲ್ಲ" ಅಂದೆ. ಅದು ಸುಳ್ಳಲ್ಲ.

ತಲೆಯ ರುಮಾಲು ತೆಗೆದು ಅಡ್ಡಬಿದ್ದ. ಅವನ ಹಿಂದೆ ಹೆಂಗಸರು ಒಬ್ಬೊಬ್ಬರಾಗಿ ಬಂದು ನನ್ನ ಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಒಬ್ಬಾಕೆ ಮೊಣಕಾಲು ನೋವು ಅಂದಳು, ಕೈಯಿಟ್ಟು ಹೋಗತೈತಿ ಅಂದೆ. ಮಗ್ಗದ ಕುಣಿಯಲ್ಲಿ ಅರ್ಧ ಮೈ ಹೂತುಕೊಂಡು ಮೂವತ್ತೆಂಟು ವರ್ಷ ಕೂತವನ ಕಾಲನ್ನು ಯಾರು ನೋಡಿದ್ದರು?

ಅಕ್ಕ ರಸ್ತೆ ಸುತ್ತಿ ಕುಂಟುತ್ತಾ ಕೊನೆಗೆ ಬಂದಳು. ಜನ ಸರಿದು ದಾರಿ ಬಿಟ್ಟರು. ಅವಳೂ ಬಗ್ಗಿ ನನ್ನ ಕಾಲು ಮುಟ್ಟಿದಳು. ಒಂಬತ್ತು ವರ್ಷ ದೊಡ್ಡವಳು, ನನ್ನ ಮೂಗು ಒರೆಸಿದವಳು. ನನ್ನ ಮೈ ಝುಂ ಅಂದಿತು. ಬೇಡ ಅನ್ನಬೇಕಿತ್ತು, ಅನ್ನಲಿಲ್ಲ.

ಸಂಜೆ ಕನ್ನಡಿ ತಂದಳು. ಇಷ್ಟು ಜನ ಮುಟ್ಟಿದ ಪಾದವನ್ನು ಹಾಗೆ ಪರೀಕ್ಷೆ ಮಾಡುವುದು ಸರಿಯಲ್ಲ ಅಂತ ಹೇಳಿ ಕಳಿಸಿದೆ. ಗುಳಿಗೆಯೂ ಬೇಡ ಅನಿಸಿತು. ರಾಚಪ್ಪನ ಹೆಂಡತಿ ಹಾಲು ಬೆಲ್ಲ ಕೊಟ್ಟಳು.

ಫೆಬ್ರವರಿ 10, ಸೋಮವಾರ. ಕಮತಗಿ ದಾಟಿ

ಸುದ್ದಿ ನಮಗಿಂತ ಮುಂದೆ ಹೋಗಿದೆ. ಪ್ರತಿ ಹೊಲದ ಬದುವಿನ ಮೇಲೂ ತಂಬಿಗೆ ಹಿಡಿದು ಜನ. "ಕೆಂಡದಾಗ ನಡದಾಂವ್ರು ಇವರ ಏನ್ರಿ?" ಅನ್ನುತ್ತಾರೆ. ನಾನು ಹೆಚ್ಚು ಮಾತಾಡುವುದಿಲ್ಲ. ಮಾತು ಕಡಿಮೆಯಾದಷ್ಟೂ ಜನ ಹತ್ತಿರ ಬರುತ್ತಾರೆ. ಕಾಲಿಗೆ ಹಾಕಿದ ನೀರನ್ನು ಒಬ್ಬ ತನ್ನ ಕೂಸಿನ ತಲೆಗೆ ಹಚ್ಚಿದ.

ಮೈ ಬೆಚ್ಚಗಿದೆ. ಬಿಸಿಲಿಗೆ ಇರಬೇಕು.

ಮಧ್ಯಾಹ್ನ ಬೇವಿನ ಗಿಡದ ಕೆಳಗೆ ನಿದ್ದೆ ಹತ್ತಿತ್ತು. ಎಚ್ಚರಾದಾಗ ಅಕ್ಕ ನನ್ನ ಎಡಗಾಲನ್ನು ತೊಡೆಯ ಮೇಲಿಟ್ಟುಕೊಂಡು ಅಳುತ್ತಿದ್ದಳು. ಅವಳ ಕೈಯಲ್ಲಿ ಕಿರುಬೆರಳುದ್ದ ಒಂದು ಮುಳ್ಳು.

"ಇದು ಯಾವಾಗ ಹೊಕ್ಕಿತ್ತೋ? ಮುರದು ಒಳಗ ಕುಂತಿತ್ತು. ಬಲಗಾಲಿಗೆ ಬರೇ ಗುಳ್ಳಿ ಎದ್ದಾವ, ಈ ಅಂಗಾಲಿನ ಚರ್ಮನ ಸುಲದು ಹೋಗೈತಿ. ಬೆರಳಿನ ಬುಡಕೆಲ್ಲ ಕರ್ರಗಾಗೈತಿ. ಇಷ್ಟೊತ್ತು ಪಿನ್ನ ಹಾಕಿ ಕೆದರೀನಿ, ನೀ ನಿದ್ದಿ ಮಾಡಾಕತ್ತಿ!"

"ನೋವಿಲ್ಲ ಯಕ್ಕಾ."

"ಅದ ಅಂಜಿಕಿ ಆಗೇತಿ ನನಗ. ಅಲ್ಮಾಸ ಹೇಳಿದ್ದು ಇದನ್ನ. ದೇವರು ಹೊತ್ತಿಲ್ಲೋ ತಮ್ಮಾ, ನಿನ್ನ ಕಾಲು ಸತ್ತೈತಿ. ನಾ ಖೋಡಿ, ನನಗ ತಿಳೀಲಿಲ್ಲ. ನಡಿ, ಹಿಂದಕ್ಕ ಹೋಗೂಣು. ಗಾಡಿ ಹತ್ತೂಣು."

ನನಗೆ ಸಿಟ್ಟು ನೆತ್ತಿಗೇರಿತು. ಐದು ದಿನದ ಹಿಂದೆ ಚಪ್ಪಲಿ ಮೆಟ್ಟಲು ಬಿಡದವಳು ಇವಳೇ. "ಜನ ಕಣ್ಣಾರೆ ಕಂಡಾರ, ನಿನಗ ಕಾಣವಲ್ದೇನು?" ಅಂದೆ.

"ಹರಕಿ ನಂದು. ಹೊತ್ತಾಕಿ ನಾ, ಇಳಸಾಕಿನೂ ನಾ. ಏನಾರ ಬಂದ್ರ ನನ್ನ ಮ್ಯಾಲ ಬರ್ಲಿ."

"ನಡದಾಂವ ನಾ" ಅಂದೆ. "ಗಂಡನ್ನ ಉಳಿಸ್ಕೊಳ್ಳಾಕ ಆಗಲಿಲ್ಲ ನಿನಗ. ಈಗ ನನ್ನ ಹರಕಿನೂ ಕೆಡಸ್ತಿ?"

ಅವಳು ತನ್ನ ಸೀರೆಯ ಸೆರಗು ಹರಿದು ನನ್ನ ಕಾಲಿಗೆ ಕಟ್ಟಿದಳು. ಬಿಚ್ಚಿ ಎಸೆದೆ. ಬಟ್ಟೆ ಕಟ್ಟಿದರೆ ಬರಿಗಾಲು ಹೇಗಾದೀತು?

ಅಂದದ್ದು ಹೆಚ್ಚಾಯಿತೇನೋ. ಸಂಗಮ ಮುಟ್ಟಿದ ಮೇಲೆ ಸಮಾಧಾನ ಮಾಡಿದರಾಯಿತು.

ಫೆಬ್ರವರಿ 11, ಮಂಗಳವಾರ

ಅಕ್ಕ ಬರಲಿಲ್ಲ. ಬೆಳಿಗ್ಗೆ ದಂಡೆಯ ಮೇಲೆ ಕುಕ್ಕರಿಸಿ, "ನಾ ಒಂದು ಹೆಜ್ಜಿ ಇಡೂದಿಲ್ಲ, ನಾ ಬರಲಿಲ್ಲಂದ್ರ ನೀನೂ ಹೋಗೂದಿಲ್ಲ" ಅಂದಳು. ನಾನು ಹೋದೆ. ಬಹಳ ದೂರದವರೆಗೂ ಕೂಗುತ್ತಿದ್ದಳು. ಹಿಂದೆ ನೋಡಬೇಡ ಅಂತ ಹೇಳಿದವಳೂ ಅವಳೇ.

ಇಲ್ಲಿಂದ ಅಣೆಕಟ್ಟಿನ ಹಿನ್ನೀರು. ಹೊಳೆ ಹರಿಯುವುದಿಲ್ಲ, ಸುಮ್ಮನೆ ನಿಂತಿದೆ. ನೀರಿನ ನಡುವೆ ಒಣಗಿದ ಜಾಲಿ ಗಿಡಗಳು, ಮೇಲೆ ಕಪ್ಪು ನೀರುಕೋಳಿ. ದಂಡೆಯ ಎರೆಮಣ್ಣು ಕಾಲಿಗೆ ಮೆತ್ತಿ ಮಣ ಭಾರ. ಬೆಳಿಗ್ಗೆಯಿಂದ ಒಂದು ಕೆಟ್ಟ ವಾಸನೆ, ಎಲ್ಲಿಗೆ ಹೋದರೂ ಬಿಡುವುದಿಲ್ಲ. ಸತ್ತ ಮೀನಿರಬೇಕು. ನೊಣಗಳೂ ಹೆಚ್ಚು.

ಹನ್ನೆರಡು ಗಂಟೆಯ ಬಿಸಿಲಲ್ಲಿ ಚಳಿ ಬಂದು ಹಲ್ಲು ಕಟಕಟ ಅಂದವು. ಮೋಟರ್ ಶೆಡ್ಡಿನ ಹತ್ತಿರ ಬೋರವ್ವ ಎಂಬ ಮುದುಕಿ ಉಳ್ಳಾಗಡ್ಡಿ ಹೊಲಕ್ಕೆ ನೀರು ಬಿಡುತ್ತಿದ್ದಳು. ಹರಕೆಯವನು ಅಂತ ತಿಳಿದು ಕೊಡ ತಂದು ಕಾಲಿನ ಮಣ್ಣು ತೊಳೆದಳು. ಮಣ್ಣು ಹೋಗುತ್ತಲೇ ಕೊಡ ಕೆಳಗಿಟ್ಟು ಹಿಂದೆ ಸರಿದಳು. ಸೆರಗು ಮೂಗಿಗೆ ಒತ್ತಿಕೊಂಡಳು.

"ಯಪ್ಪಾ, ಇದು ನಡಿಯೂ ಕಾಲಲ್ಲ. ಹುಳಾ ಬಿದ್ದಾವ. ನನ್ನ ಮಗನ ಗಾಡಿ ಐತಿ, ದವಾಖಾನಿಗೆ ಬಿಡ್ತಾನ, ಹತ್ತರಿ."

"ಗಾಡಿ ಹತ್ತೂಹಂಗಿಲ್ಲ" ಅಂದೆ.

"ನಿಮ್ಮ ಕೂಡ ಯಾರೂ ಇಲ್ಲೇನು?"

"ಇಲ್ಲ."

ಕಾಲು ಮುಟ್ಟಲಿಲ್ಲ ಆಕೆ. ದೂರದಿಂದ ನೆಲಕ್ಕೆ ಕೈಯಿಟ್ಟು ಮುಗಿದಳು. ಮನಸ್ಸಿಗೆ ಬಹಳ ಬೇಸರವಾಯಿತು. ಇಂಥವರೂ ಇರುತ್ತಾರೆ.

ಎಲ್ಲೋ ಮಗ್ಗ ನಡೆಯುವ ಸದ್ದು. ಇಲ್ಲಿ ಸುತ್ತ ಊರೇ ಇಲ್ಲ.

ಫೆಬ್ರವರಿ 12, ಬುಧವಾರ. ಸಂಗಮ

ಮುಟ್ಟಿದೆ.

ಕೊನೆಯ ಒಂದು ಮೈಲು ಹೇಗೆ ಬಂದೆ ಗೊತ್ತಿಲ್ಲ. ಒಂದು ಕೋಲು ಕೈಯಲ್ಲಿದೆ, ಯಾರು ಕೊಟ್ಟರೋ.

ಮೆಟ್ಟಿಲ ಮೇಲೆ ಕೂತು ಕಾಲು ನೀರಲ್ಲಿ ಇಳಿಬಿಟ್ಟಿದ್ದೇನೆ. ಎರಡು ಹೊಳೆ ಕೂಡಿದ ನೀರು, ಆಚೆ ದಡ ಕಾಣುವುದಿಲ್ಲ. ಸ್ನಾನ ಮಾಡುವವರು ತಣ್ಣಗಿದೆ ಅಂತ ಕೂಗುತ್ತಾರೆ. ನನಗೆ ತಣ್ಣಗೂ ಇಲ್ಲ, ಬಿಸಿಯೂ ಇಲ್ಲ.

ಮೀನುಗಳು ಬಂದವು. ಮೊದಲು ಎರಡು, ಆಮೇಲೆ ಲೆಕ್ಕವಿಲ್ಲ. ಎಲ್ಲ ಎಡಗಾಲಿಗೇ ಮುತ್ತಿವೆ. ಬಲಗಾಲಿಗೆ ಒಂದೂ ಇಲ್ಲ. ಬೆಂಕಿಯಲ್ಲಿ ಮೊದಲು ಇಟ್ಟದ್ದು ಎಡಗಾಲು, ಅದಕ್ಕೇ ಇರಬೇಕು. ಅಕ್ಕ ಇದನ್ನು ನೋಡಬೇಕಿತ್ತು. ನೋಡಿದ್ದರೆ ನಂಬುತ್ತಿದ್ದಳು.

ಬಹಳ ಸಂತೋಷವಾಗಿದೆ. ಇಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ.

ಮೇಲೆ ಯಾರೋ ನನ್ನ ಹೆಸರು ಹಿಡಿದು ಕೂಗುತ್ತಿದ್ದಾರೆ. ಏಳಬೇಕು.

ಮಾರ್ಚ್ 3, ಸೋಮವಾರ. ಬಾಗಲಕೋಟೆ, ದವಾಖಾನೆ

ವಹಿ ಅಲ್ಮಾಸ ಕೊಟ್ಟಳು. ಮೆಟ್ಟಿಲ ಮೇಲೆ ನನ್ನ ಪಕ್ಕದಲ್ಲಿ ಬಿದ್ದಿತ್ತಂತೆ. ಓದಿದ್ದಾಳೋ ಇಲ್ಲವೋ ಕೇಳುವುದಿಲ್ಲ.

ಎಡಗಾಲು ಮೊಣಕಾಲಿನ ಕೆಳಗೆ ಇಲ್ಲ. ಫೆಬ್ರವರಿ ಹದಿನಾಲ್ಕಕ್ಕೆ ತೆಗೆದರಂತೆ. ಮೂರು ದಿನ ತಡೆದಿದ್ದರೆ ನಾನೇ ಇರುತ್ತಿರಲಿಲ್ಲ, ಮೂರು ದಿನ ಮೊದಲು ಬಂದಿದ್ದರೆ ಕಾಲು ಉಳಿಯುತ್ತಿತ್ತು ಅಂದರು ಡಾಕ್ಟರು. ಆ ಮೂರು ದಿನ ಯಾವುವು ಅಂತ ನನಗೆ ಗೊತ್ತು.

ನಾನು ಬಿಟ್ಟು ನಡೆದ ದಿನ ಅಕ್ಕ ದಂಡೆಯಿಂದ ಹಿಂದಕ್ಕೆ ರಾಚಪ್ಪನ ಹೊಲದವರೆಗೆ ಆ ಕಾಲಲ್ಲೇ ನಡೆದಳಂತೆ. ಅವನ ಫೋನಿನಿಂದ ಅಲ್ಮಾಸಳನ್ನು ಕರೆಸಿದಳು. ಇಬ್ಬರೂ ರಾಚಪ್ಪನ ಗಾಡಿಯಲ್ಲಿ ದಂಡೆಯ ಹೊಲಗಳಲ್ಲಿ ಕೇಳುತ್ತ ಕೇಳುತ್ತ ಮರುದಿನ ಸಂಗಮಕ್ಕೆ ಬಂದರು. ಮೆಟ್ಟಿಲಿನಿಂದ ನನ್ನನ್ನು ರಾಚಪ್ಪ ಹೊತ್ತು ತಂದ. ನನಗೆ ನೆನಪಿರುವುದು ಮೀನು ಮಾತ್ರ.

ನನಗಿಂತ ಅಕ್ಕನ ಚಿಂತೆ ಹೆಚ್ಚಾಗಿದೆ. ಅವಳು ಅಳುವುದೂ ಇಲ್ಲ. ಅನ್ನ ಕಲಸಿ ಹಾಗೇ ಬಿಡುತ್ತಾಳೆ. ಕುಂಕುಮ ಹಚ್ಚಿಕೊಳ್ಳುವುದು ಎಂದೋ ಬಿಟ್ಟವಳು, ಈಗ ವಿಭೂತಿಯನ್ನೂ ಬಿಟ್ಟಿದ್ದಾಳೆ. ನಿನ್ನೆ ಮಗ್ಗುಲ ಮಂಚದವನ ಹೆಂಡತಿಗೆ ಹೇಳುತ್ತಿದ್ದಳು: "ನನ್ನ ತಮ್ಮನ ಕಾಲು ನಾನ ಕಡದೆವಾ. ನಡಿ ನಡಿ ಅಂತ ನಾನ ಕರಕೊಂಡು ಹೋದೆ." ಅದನ್ನು ಎಷ್ಟು ಸಾದಾ ಆಗಿ ಹೇಳಿದಳೆಂದರೆ, ಇವಳು ಇದೇ ಮಾತು ಹಿಡಿದು ಸಾಯುತ್ತಾಳೆ ಅಂತ ನನಗೆ ಗಟ್ಟಿಯಾಯಿತು. 

ಇವತ್ತು ಊಟದ ಹೊತ್ತಿಗೆ ಅವಳನ್ನು ಹತ್ತಿರ ಕೂಡಿಸಿಕೊಂಡೆ.

"ಯಕ್ಕಾ, ಒಂದು ಹೇಳೂದೈತಿ. ಮೊದಲನೇ ದಿನದಿಂದನ ನೋಯ್ತಿತ್ತು ನನಗ. ಮುಳ್ಳು ಹೊಕ್ಕಿದ್ದೂ ಗೊತ್ತಾಗಿತ್ತು, ಕೆಂಡದಾಗೂ ಉರೀತು. ಮಂದಿ ಕಾಲು ಹಿಡಿತಾರಲ್ಲ, ಅದು ಭಾಳ ಛಲೋ ಅನಸ್ತು. ಅದಕ್ಕ ಮುಚ್ಚಿಟ್ಟೆ. ನೀ ಬಿಡು ಅಂದಿ, ನಾ ಬಿಡಲಿಲ್ಲ. ನಿನ್ನ ಹರಕಿದು ಏನೂ ತಪ್ಪಿಲ್ಲ."

ಅವಳು "ಸುಳ್ಳು" ಅಂದಳು.

"ಖರೆ."

"ನನ್ನ ತಲಿ ಮುಟ್ಟಿ ಆಣಿ ಮಾಡು."

ಅವಳ ನರೆತ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದೆ. 

ಕಪಾಳಕ್ಕೆ ಹೊಡೆದಳು. ವಾರ್ಡಿನವರೆಲ್ಲ ತಿರುಗಿ ನೋಡಿದರು. ಇನ್ನೊಂದು ಹೊಡೆದಳು. "ಮಂದಿ ಕಾಲು ಹಿಡೀಲಿ ಅಂತ ಕಾಲ ಕಳಕೊಂಡ್ಯಾ, ಹುಚ್ಚ ಸೂಳೇಮಗನ" ಅಂತ ಬೈದು, ನನ್ನ ಎದೆಯ ಮೇಲೆ ತಲೆಯಿಟ್ಟು ಅತ್ತಳು. ಹದಿನೆಂಟು ದಿನದ ಅಳು ಒಮ್ಮೆಗೇ. ಅತ್ತು ಮುಗಿಸಿ, ಮೂಗು ಒರೆಸಿಕೊಂಡು, ಕಲಸಿಟ್ಟ ಅನ್ನವನ್ನು ಪೂರ್ತಿ ಉಂಡಳು.

ಮಾರ್ಚ್ 5, ಬುಧವಾರ

ಬೆಳಿಗ್ಗೆ ಡಾಕ್ಟರು ಪಟ್ಟಿ ಬಿಚ್ಚಿ ನೋಡಿ, ಗಾಯ ಚೆನ್ನಾಗಿ ಮಾಯುತ್ತಿದೆ ಅಂದರು. ಅಕ್ಕ ವಿಭೂತಿ ಹಚ್ಚಿಕೊಂಡು ಬಂದಿದ್ದಾಳೆ. ನಿನ್ನೆಯಿಂದ ಎಲ್ಲರಿಗೂ ನನ್ನನ್ನು ಬೈದುಕೊಂಡು ಹೇಳುತ್ತಾಳೆ. ಬೈಯಲಿ.

ನಿನ್ನೆ ಮಧ್ಯಾಹ್ನದಿಂದ ಒಂದು ಶುರುವಾಗಿದೆ. ಮೊದಲು ಇರುವೆ ಹರಿದ ಹಾಗಿತ್ತು. ಈಗ ಹಾಗಿಲ್ಲ. ಹೆಬ್ಬೆರಳು ಬೇರೆ, ಕಿರುಬೆರಳು ಬೇರೆ, ಹಿಮ್ಮಡಿ ಬೇರೆ, ಒಂದೊಂದೂ ತಿಳಿಯುತ್ತಿದೆ. ಅಂಗಾಲಿನ ನಡುವೆ ಏನೋ ಮುರಿದು ಒಳಗೆ ಕೂತಿದೆ. ಸುತ್ತ ಉರಿ. ಕೆಂಡ ಈಗ ಸುಡುತ್ತಿದೆ, ಅಷ್ಟೂ ಹೆಜ್ಜೆಗಳ ಕೆಂಡ. ಚಾದರ ಎತ್ತಿ ನೋಡಿದರೆ ಅಲ್ಲಿ ಏನೂ ಇಲ್ಲ, ಬರೀ ಹಾಸಿಗೆ. ಹಾಸಿಗೆಯ ಮೇಲೆ ಕೈಯಾಡಿಸಿದೆ. ಎಲ್ಲಿ ಒತ್ತಿ ಹಿಡಿಯಲಿ?

ಅಕ್ಕ ಮಂಚದ ತುದಿಗೆ ಕೂತು ನನ್ನ ಬಲಗಾಲನ್ನು ತೊಡೆಯ ಮೇಲಿಟ್ಟುಕೊಂಡು ಎಣ್ಣೆ ಹಚ್ಚುತ್ತಿದ್ದಾಳೆ. ಅವಳ ಕೈ ಅಲ್ಲಿದೆ ಅಂತ ಕಣ್ಣಿನಿಂದ ನೋಡಿದರೆ ಮಾತ್ರ ನನಗೆ ಗೊತ್ತಾಗುತ್ತದೆ.

ನನ್ನ ಹಣೆಯ ಬೆವರು ನೋಡಿ ಕೈ ನಿಲ್ಲಿಸಿದಳು.

"ಯಾಕೋ ತಮ್ಮಾ, ನೋಯಾಕತ್ತೈತೇನು?" ಅಂದಳು.

ಇಲ್ಲ ಅಂದೆ.